ಮಾಡ್ ಬ್ಯಾಲಿಂಗ್‌ಟನ್ ಬೂತ್

ಮಾಡ್ ಬ್ಯಾಲಿಂಗ್‌ಟನ್ ಬೂತ್ (ಸೆಪ್ಟೆಂಬರ್ 13, 1865 – ಆಗಸ್ಟ್ 26, 1948) ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಸಮಾಜಸೇವಕಿ, ಲೇಖಕಿ ಹಾಗೂ ಸೆರೆಮನೆ ಸುಧಾರಕಿ. ‘ವಾಲಂಟಿಯರ್ಸ್ ಆಫ್ ಅಮೆರಿಕ’ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಬಿಡುಗಡೆಯಾದ ಕೈದಿಗಳಿಗೆ ಆಶ್ರಯ ಮತ್ತು ಉದ್ಯೋಗ ದೊರಕಿಸುವ, ಸೆರೆಯಲ್ಲಿರುವವರ ಕುಟುಂಬಗಳಿಗೆ ನೆರವಾಗುವ ಕಾರ್ಯಕ್ಕೆ ತಮ್ಮ ಬದುಕಿನ ಬಹುಭಾಗವನ್ನು ಮುಡಿಪಾಗಿಟ್ಟರು. ಕೈದಿಗಳು ಅವರನ್ನು ‘ಪುಟ್ಟ ತಾಯಿ’ ಎಂದು ಕರೆಯುತ್ತಿದ್ದರು.

ಆರಂಭಿಕ ಜೀವನ

ಮಾಡ್ ಅವರು ಇಂಗ್ಲೆಂಡಿನ ಸರ್ರೆ ಪ್ರಾಂತದ ಲಿಂಪ್ಸ್‌ಫೀಲ್ಡ್‌ನಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಚಾರ್ಲ್ಸ್‌ವರ್ತ್ ಆಂಗ್ಲಿಕನ್ ಪಾದ್ರಿಯಾಗಿದ್ದರು. ಕಾದಂಬರಿಕಾರ್ತಿ ಫ್ಲಾರೆನ್ಸ್ ಬಾರ್ಕ್ಲೇ ಇವರ ಅಕ್ಕ. 1880ರ ದಶಕದ ಆರಂಭದಲ್ಲಿ ಸಾಲ್ವೇಷನ್ ಆರ್ಮಿಯನ್ನು ಸೇರಿ ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್‌ಗಳಲ್ಲಿ ಸೇವೆ ಸಲ್ಲಿಸಿದರು. 1886ರಲ್ಲಿ, ತಂದೆಯ ವಿರೋಧವಿದ್ದರೂ, ಆ ಸಂಸ್ಥೆಯ ಸ್ಥಾಪಕ ವಿಲಿಯಂ ಬೂತ್ ಅವರ ಮಗ ಬ್ಯಾಲಿಂಗ್‌ಟನ್ ಬೂತ್ ಅವರನ್ನು ವಿವಾಹವಾದರು. ಮರುವರ್ಷ ದಂಪತಿಗಳು ಅಮೆರಿಕ ಶಾಖೆಯ ಹೊಣೆ ವಹಿಸಿಕೊಂಡರು. ಆಡಳಿತದ ಕುರಿತ ಭಿನ್ನಾಭಿಪ್ರಾಯದಿಂದ 1896ರಲ್ಲಿ ಅದನ್ನು ತೊರೆದು ವಾಲಂಟಿಯರ್ಸ್ ಆಫ್ ಅಮೆರಿಕವನ್ನು ಸ್ಥಾಪಿಸಿದರು.

ಸೆರೆಮನೆಗಳಲ್ಲಿ ಸೇವೆ

ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಸೆರೆಮನೆಯಲ್ಲಿ ಉಪನ್ಯಾಸ ನೀಡಿದ್ದು ಅವರ ಬದುಕಿನ ದಿಕ್ಕನ್ನು ಬದಲಿಸಿತು. ವರ್ಷಾಂತ್ಯದ ವೇಳೆಗೆ ಅಲ್ಲಿಯೇ ‘ವಾಲಂಟಿಯರ್ ಪ್ರಿಸನ್ ಲೀಗ್’ ಆರಂಭವಾಯಿತು. ಪ್ರಾರ್ಥನೆ, ಶುದ್ಧವಾದ ಮಾತು, ಸೆರೆಮನೆಯ ನಿಯಮಗಳ ಪಾಲನೆ ಹಾಗೂ ಸಹಕೈದಿಗಳಿಗೆ ಉತ್ತೇಜನ ಸದಸ್ಯರ ಪ್ರತಿಜ್ಞೆಗಳಾಗಿದ್ದವು. ಲೀಗ್ ಮುಂದೆ ದೇಶದ ಇತರ ಸೆರೆಮನೆಗಳಿಗೂ ಹರಡಿತು. ಬೂತ್ ಅವರು ಕೈದಿಗಳೊಡನೆ ನಿರಂತರ ಪತ್ರವ್ಯವಹಾರ ನಡೆಸುತ್ತಿದ್ದರು.

ಹೋಪ್ ಹಾಲ್

ಒಳಗೆ ಕೈಗೊಂಡ ಸಂಕಲ್ಪ ಹೊರಗೆ ಉಳಿಯುವುದು ಸುಲಭವಾಗಿರಲಿಲ್ಲ. ಶಿಕ್ಷಾವಧಿ ಮುಗಿದರೂ ಕಳಂಕ ಮುಗಿಯುತ್ತಿರಲಿಲ್ಲ. ಹಿಂದಿನ ಅಪರಾಧ ತಿಳಿದೊಡನೆ ಕೆಲಸ ಕೈತಪ್ಪುತ್ತಿತ್ತು. ಹಣ, ನೆಲೆ, ನಂಬುವವರು ಇಲ್ಲದವನು ಮತ್ತೆ ಹಳೆಯ ದಾರಿ ಹಿಡಿಯುವ ಸಂಭವ ಹೆಚ್ಚಾಗಿತ್ತು. ಇದನ್ನರಿತ ಬೂತ್ ಅವರು ‘ಹೋಪ್ ಹಾಲ್’ ಎಂಬ ಆಶ್ರಯಮನೆಗಳನ್ನು ತೆರೆದರು. ಮೊದಲನೆಯದು ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು. ಮುಂದೆ ಷಿಕಾಗೋ ಮೊದಲಾದೆಡೆಗಳಲ್ಲಿಯೂ ಇಂಥವು ಸ್ಥಾಪನೆಯಾದವು. ಬಿಡುಗಡೆಯಾದವರು ನೇರವಾಗಿ ಇಲ್ಲಿಗೆ ಬಂದು, ಉದ್ಯೋಗ ದೊರೆಯುವವರೆಗೆ ತಂಗಬಹುದಾಗಿತ್ತು. ಇದು ಇನ್ನೊಂದು ಸೆರೆಮನೆಯಂತಾಗದೆ ಮನೆಯಾಗಿರಬೇಕೆಂಬುದು ಬೂತ್ ಅವರ ಆಗ್ರಹವಾಗಿತ್ತು. ಆದುದರಿಂದ ನಿವಾಸಿಗಳನ್ನು ಕುತೂಹಲಿಗಳ ನೋಟಕ್ಕೆ ಒಡ್ಡದಂತೆ ಎಚ್ಚರ ವಹಿಸಿದರು.

ಕುಟುಂಬಗಳಿಗೆ ನೆರವು

ದುಡಿಯುವವನು ಸೆರೆ ಸೇರಿದಾಗ ತಪ್ಪು ಮಾಡದ ಹೆಂಡತಿ, ಮಕ್ಕಳು, ವೃದ್ಧ ತಾಯಿ ಹಸಿವನ್ನೂ ಅವಮಾನವನ್ನೂ ಎದುರಿಸಬೇಕಾಗುತ್ತಿತ್ತು. ಲೀಗ್ ಇಂಥ ಮನೆಗಳಿಗೆ ಭೇಟಿ ನೀಡಿ ಸಹಾಯ ಮಾಡುತ್ತಿತ್ತು. ಕ್ರಿಸ್ಮಸ್ ಸಮಯದಲ್ಲಿ ಮಕ್ಕಳಿಗೆ ಬಟ್ಟೆ ಮತ್ತು ಆಟಿಕೆಗಳನ್ನು ಒದಗಿಸುತ್ತಿತ್ತು. ಕುಟುಂಬ ಚದುರದೆ ಉಳಿದರೆ ಮಾತ್ರ ಬಿಡುಗಡೆಯಾದವನಿಗೆ ಮರಳಲು ಮನೆಯೊಂದು ಇರುತ್ತದೆ ಎಂಬುದು ಈ ಕಾರ್ಯದ ಹಿಂದಿದ್ದ ತಿಳಿವಳಿಕೆ.

ಕೃತಿಗಳು ಮತ್ತು ಕೊನೆಯ ವರ್ಷಗಳು

1903ರಲ್ಲಿ ಪ್ರಕಟವಾದ ‘ಆಫ್ಟರ್ ಪ್ರಿಸನ್ – ವಾಟ್?’ ಎಂಬ ಗ್ರಂಥದಲ್ಲಿ ಬೂತ್ ಅವರು ಬಿಡುಗಡೆಯ ನಂತರದ ಬದುಕಿನ ಸಮಸ್ಯೆಗಳನ್ನು ಚರ್ಚಿಸಿದ್ದಾರೆ. ಮಕ್ಕಳ ಕಥೆಗಳನ್ನೂ ರಚಿಸಿದ್ದಾರೆ. ಪೆರೋಲ್ ಪದ್ಧತಿಯನ್ನು ಬೆಂಬಲಿಸಿ ಉಪನ್ಯಾಸಗಳನ್ನು ನೀಡಿದರು. 1940ರಲ್ಲಿ ಪತಿ ನಿಧನರಾದ ಬಳಿಕ ಸಂಸ್ಥೆಯ ನೇತೃತ್ವ ವಹಿಸಿ, ಕೊನೆಯವರೆಗೂ ಆ ಹೊಣೆಯನ್ನು ನಿರ್ವಹಿಸಿದರು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೇಟ್ ನೆಕ್‌ನಲ್ಲಿ ನಿಧನರಾದರು. ಸೆರೆಯಿಂದ ಮರಳುವವರ ಪುನರ್ವಸತಿ ಇಂದಿಗೂ ವಾಲಂಟಿಯರ್ಸ್ ಆಫ್ ಅಮೆರಿಕದ ಸೇವೆಗಳಲ್ಲಿ ಒಂದಾಗಿದೆ.