ವಿಲಿಯಂ ಕ್ಯಾರಿಯವರ ಚರಿತ್ರೆಯೂ ಶನಿವಾರ ಸಾಯಂಕಾಲದ ಕೂಟವೂ

ವಿಲಿಯಂ ಕ್ಯಾರಿಯವರ ಹೆಸರನ್ನು ಕೇಳದ ಸಭೆಯು ನಮ್ಮಲ್ಲಿ ಅಪರೂಪ. ಅವರು ಸತ್ಯವೇದವನ್ನು ನಮ್ಮ ದೇಶದ ಅನೇಕ ಭಾಷೆಗಳಿಗೆ ತಿರುಗಿಸಿದ್ದನ್ನೂ ಬಂಗಾಳದ ಶ್ರೀರಾಮಪುರದಲ್ಲಿ ಮುದ್ರಾಯಂತ್ರವನ್ನು ನಡಿಸಿದ್ದನ್ನೂ ಉಪದೇಶಿಗಳ ಬಾಯಿಂದ ನಾವು ಕೇಳಿದ್ದೇವೆ. ಆದರೆ ಆ ಕೆಲಸವು ಒಬ್ಬನ ಕೈಯಿಂದ ಆದದ್ದಲ್ಲ. ಒಂದೇ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಂಡ ಮೂವರು ಸಹೋದರರು ಇಪ್ಪತ್ತಮೂರು ವರುಷ ಒಬ್ಬರನ್ನೊಬ್ಬರು ಬಿಡದೆ ನಿಂತದ್ದರಿಂದ ಅದು ನೆರವೇರಿತು. ಅವರು ಹಾಗೆ ನಿಂತದ್ದು ಹೇಗೆ? ಮಾತು ಎಲ್ಲಿ ಅವರಿಗೆ ಸಹಾಯವಾಯಿತು, ಎಲ್ಲಿ ಕೆಟ್ಟುಹೋಯಿತು? ಇದನ್ನೇ ಈ ತಿಂಗಳಲ್ಲಿ ಹೇಳಬೇಕೆಂದಿದ್ದೇವೆ. ಯಾಕಂದರೆ ಹೊರಗಿನವರ ಹಿಂಸೆಯನ್ನು ತಾಳಿಕೊಂಡ ಸಭೆಗಳು ಸಹ ಒಳಗಿನವರ ಮುನಿಸಿನಿಂದ ಒಡೆದುಹೋಗುವದನ್ನು ನಾವೆಲ್ಲರೂ ಬಲ್ಲೆವು.

ಕ್ಯಾರಿಯವರು 1761ನೆಯ ಇಸವಿಯ ಆಗಸ್ಟ್ ತಿಂಗಳ 17ನೇ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ಮೊದಲು ನೇಕಾರನು, ಆಮೇಲೆ ಹಳ್ಳಿಯ ಶಾಲೆಯ ಉಪಾಧ್ಯಾಯನು. ಹುಡುಗನನ್ನು ಜೋಡು ಹೊಲಿಯುವ ಕಸಬಿಗೆ ಹಾಕಿದರು. ಅಂಗಡಿಯಲ್ಲಿ ಜಾನ್ ವಾರ್ ಎಂಬ ಇನ್ನೊಬ್ಬ ಕೆಲಸಗಾರನಿದ್ದನು. ಅವನು ಬೇರೆ ಸಭೆಗೆ ಸೇರಿದವನು, ಭಕ್ತಿಯುಳ್ಳವನು. ದಿನವೆಲ್ಲಾ ಸೂಜಿ ದಾರಗಳ ನಡುವೆ ಇಬ್ಬರಿಗೂ ಧರ್ಮವಿಷಯದಲ್ಲಿ ವಾದವು ನಡೆಯುತ್ತಿತ್ತು. ಕ್ಯಾರಿಗೆ ಮಾತಿನ ಚಾತುರ್ಯವಿತ್ತು. ಕೊನೆಯ ಮಾತು ತನ್ನದೇ ಆಗಬೇಕೆಂಬ ಹಟವೂ ಇತ್ತು. ವಾದದಲ್ಲಿ ಗೆದ್ದರೂ ತನ್ನ ಮನಸ್ಸಿಗೆ ಸಮಾಧಾನವಿಲ್ಲವೆಂದು ಅವರು ಮೆಲ್ಲಮೆಲ್ಲನೆ ಕಂಡುಕೊಂಡರು. ವಾರನು ಸೋತವನಂತೆ ಕಂಡರೂ ಸಿಟ್ಟಾಗದೆ, ಪುಸ್ತಕಗಳನ್ನು ಕೊಟ್ಟು, ಸ್ನೇಹವನ್ನು ಬಿಡದೆ ಮಾತಾಡುತ್ತಾ ಬಂದನು. 1779ರಲ್ಲಿ ಕ್ಯಾರಿಯವರು ತನ್ನನ್ನು ಕರ್ತನಿಗೆ ಒಪ್ಪಿಸಿಕೊಂಡದ್ದಕ್ಕೆ ಈ ತಾಳ್ಮೆಯ ಮಾತೇ ಸಾಧನವಾಯಿತು.

1781ರ ಜೂನ್ 10ರಂದು ಅವರು ಡಾರತಿ ಪ್ಲಾಕೆಟ್ ಎಂಬವಳನ್ನು ಮದುವೆಯಾದರು. ಆಕೆಗೆ ಬರೆಯಲು ಬಾರದು. ಮದುವೆಯ ಪುಸ್ತಕದಲ್ಲಿ ಗುರುತನ್ನು ಮಾತ್ರ ಹಾಕಿದಳು. ಗಂಡನಾದರೋ ಜೋಡು ಹೊಲಿಯುತ್ತಲೇ ಲತೀನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿಯುತ್ತಾ, ಗೋಡೆಯ ಮೇಲೆ ಭೂಪಟವನ್ನು ಅಂಟಿಸಿಕೊಂಡು, ಸುವಾರ್ತೆಯನ್ನು ಕೇಳದ ದೇಶಗಳಿಗಾಗಿ ಪ್ರಾರ್ಥಿಸುತ್ತಾ ಇದ್ದರು. ಹೀಗೆ ಒಂದೇ ಮನೆಯಲ್ಲಿ ಇಬ್ಬರ ಮನಸ್ಸುಗಳು ಬೇರೆ ಬೇರೆ ದಾರಿಗಳಲ್ಲಿ ನಡೆದವು. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಊರಿನಲ್ಲಿ ಕೆಲವು ಬಡ ಬೋಧಕರು ಕೂಡಿ ಮಿಶನ್ ಸಂಘವನ್ನು ಸ್ಥಾಪಿಸಿದರು. ಕೆಲವು ತಿಂಗಳುಗಳಲ್ಲಿ ಕ್ಯಾರಿಯವರು ಹಿಂದೂಸ್ಥಾನಕ್ಕೆ ಹೋಗುವದೆಂದು ಗೊತ್ತಾಯಿತು. ಗರ್ಭಿಣಿಯಾಗಿದ್ದ ಹೆಂಡತಿಯು ತಾನು ಬರುವದಿಲ್ಲವೆಂದಳು. ಅವರು ಹಿರಿಯ ಮಗನಾದ ಫೀಲಿಕ್ಸನನ್ನು ಕರಕೊಂಡು ಹಡಗು ಹತ್ತಿದರು. ಆದರೆ ಕಂಪೆನಿಯ ಅಪ್ಪಣೆಯಿಲ್ಲವೆಂದು ಅವರನ್ನು ಹಡಗಿನಿಂದ ಇಳಿಸಿಬಿಟ್ಟರು. ಊರಿಗೆ ತಿರಿಗಿ ಬಂದಾಗ ಹಸುಗೂಸು ತೊಟ್ಟಿಲಲ್ಲಿತ್ತು. ಜತೆಗಾರರಾದ ಡಾಕ್ಟರ್ ಜಾನ್ ತಾಮಸರು ಆಕೆಯನ್ನು ಬಹಳವಾಗಿ ಒತ್ತಾಯಪಡಿಸಿದ ಮೇಲೆ, ತಂಗಿಯೂ ಜತೆಯಲ್ಲಿ ಬರುವದಾದರೆ ಆಗಬಹುದೆಂದು ಡಾರತಿಯು ಒಪ್ಪಿದಳು. 1793ರ ಜೂನ್ 13ರಂದು ದೇನ್ಮಾರ್ಕಿನ ಹಡಗೊಂದರಲ್ಲಿ ಹೊರಟು ನವೆಂಬರ್ 11ರಂದು ಕಲಕತ್ತೆಯನ್ನು ಮುಟ್ಟಿದರು.

ಆ ಮೊದಲಿನ ವರುಷಗಳು ಕಹಿಯಾಗಿದ್ದವು. ಹಣವು ತಾಮಸರ ಕೈಯಲ್ಲಿ ಬೇಗನೆ ಕರಗಿಹೋಯಿತು. ಡಾರತಿಗೂ ಮಕ್ಕಳಿಗೂ ರಕ್ತಭೇದಿ ಹಿಡಿಯಿತು. ತಂಗಿಯು ಮದುವೆಯಾಗಿ ಬೇರೆಯಾದಳು. ಮುದ್ನಾಬತಿ ಎಂಬಲ್ಲಿ ನೀಲಿಯ ಕಾರ್ಖಾನೆಯ ಕೆಲಸ ಸಿಕ್ಕಿ ಹೊಟ್ಟೆಗೆ ಆಧಾರವಾಯಿತೇನೋ ನಿಜ. ಆದರೆ 1794ರ ಅಕ್ಟೋಬರಿನಲ್ಲಿ ಐದು ವರುಷದ ಪೀಟರನು ಸತ್ತನು. ಜಾತಿಯ ಭಯದಿಂದ ಶವವನ್ನು ಹೊರುವವರು ಸಹ ಸುಲಭವಾಗಿ ಸಿಕ್ಕಲಿಲ್ಲ. ಆ ದುಃಖದ ಬಳಿಕ ಡಾರತಿಯ ಬುದ್ಧಿಯು ಭ್ರಮೆಗೊಂಡಿತು. 1807ರ ಡಿಸೆಂಬರ್ 8ರಂದು ಸಾಯುವ ವರೆಗೂ ಆಕೆಗೆ ಗುಣವಾಗಲಿಲ್ಲ. ಆಕೆಯು ಸಂಶಯದಿಂದ ಕಠಿನವಾದ ಮಾತುಗಳನ್ನಾಡಿದರೂ ಕ್ಯಾರಿಯವರು ಆಕೆಯನ್ನು ಮನೆಯಲ್ಲೇ ಇಟ್ಟು ಆರೈಕೆ ಮಾಡಿಸಿದರು. ಪಕ್ಕದ ಕೋಣೆಯಿಂದ ಕೂಗು ಕೇಳುತ್ತಿರುವಾಗಲೇ ವೇದದ ಭಾಷಾಂತರವು ನಡೆಯುತ್ತಿತ್ತು.

ಇಲ್ಲಿ ನಾವು ಆ ಭಕ್ತನ ಮೇಲೆ ತೀರ್ಪು ಮಾಡುವದಿಲ್ಲ. ರೋಗವು ಯಾರ ತಪ್ಪೂ ಅಲ್ಲ. ಆದರೂ ಇದನ್ನು ಮುಚ್ಚಿಡಬಾರದು: ದೊಡ್ಡ ನಿರ್ಣಯವನ್ನು ಮೊದಲು ಹೊರಗೆ ಮಾಡಿ, ಆಮೇಲೆ ಮನೆಯಲ್ಲಿ ತಿಳಿಸಿದರೆ ಹೆಂಡತಿಯ ಹೃದಯವು ಒಂಟಿಯಾಗುತ್ತದೆ. ದೇವರ ಕೆಲಸವೆಂಬ ಕಾರಣವು ಆ ಒಂಟಿತನವನ್ನು ಹಗುರ ಮಾಡುವದಿಲ್ಲ. ನಮ್ಮ ಮನೆಗಳಲ್ಲಿ ಹೊಲ ಮಾರುವದಾಗಲಿ, ಮಗಳನ್ನು ಕೊಡುವದಾಗಲಿ, ತೋಟದ ಕೆಲಸಕ್ಕೆ ಘಟ್ಟ ಹತ್ತುವದಾಗಲಿ ಚಾವಡಿಯಲ್ಲಿ ತೀರ್ಮಾನವಾದ ಮೇಲೆಯೇ ಅಡಿಗೆಯ ಮನೆಗೆ ಸುದ್ದಿ ತಲಪುವದಲ್ಲವೇ?

1800ನೆಯ ಇಸವಿಯ ಜನವರಿ 10ರಂದು ಕ್ಯಾರಿಯವರು ದೇನ್ಮಾರ್ಕಿನವರ ಅಧೀನದಲ್ಲಿದ್ದ ಶ್ರೀರಾಮಪುರಕ್ಕೆ ಬಂದರು. ಹಿಂದಿನ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಬಂದ ಹೊಸ ಮಿಶನರಿಗಳು ಅಲ್ಲಿ ಕಾದಿದ್ದರು. ಅವರಲ್ಲಿ ಜಾಶುವಾ ಮಾರ್ಷ್‌ಮನ್ ಎಂಬವರು ಶಾಲೆಯ ಉಪಾಧ್ಯಾಯರು. ವಿಲಿಯಂ ವಾರ್ಡ್ ಎಂಬವರು ಅಚ್ಚಿನ ಕೆಲಸವನ್ನು ಬಲ್ಲವರು. ಮೂವರ ಸ್ವಭಾವವು ಮೂರು ವಿಧ. ಕ್ಯಾರಿಯವರು ಮೃದು, ಯಾರನ್ನೂ ಗದರಿಸಲಾರರು. ಮಾರ್ಷ್‌ಮನರು ಚುರುಕು, ಹಿಡಿದ ಕೆಲಸವನ್ನು ಬಿಡರು, ಅದರಿಂದ ಕೆಲವರಿಗೆ ಒರಟಾಗಿ ತೋರುವರು. ವಾರ್ಡರು ಜನರ ಮನಸ್ಸನ್ನು ಅರಿಯುವವರು. ಇಂಥವರೂ, ಇವರ ಹೆಂಡತಿ ಮಕ್ಕಳೂ, ಇನ್ನೂ ಕೆಲವು ಕುಟುಂಬಗಳೂ ಒಂದೇ ಮನೆಯಲ್ಲಿ ವಾಸಿಸಬೇಕಾಗಿತ್ತು. ಒಂದೇ ಒಲೆಯ ಸುತ್ತ ಇಬ್ಬರು ಓರಗಿತ್ತಿಯರಿದ್ದರೆ ಏನಾಗುತ್ತದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಕ್ಯಾರಿಯವರು ಬಂದ ಒಂದು ವಾರದೊಳಗೆ ಅವರು ಮನೆಯ ಕ್ರಮಗಳನ್ನು ಬರೆದುಕೊಂಡರು. ಅವರಲ್ಲಿ ದೊಡ್ಡವನು ಚಿಕ್ಕವನು ಎಂಬದಿಲ್ಲ. ಪ್ರಸಂಗವೂ ಪ್ರಾರ್ಥನೆಯೂ ಎಲ್ಲರಿಗೂ ಸರದಿಯ ಮೇಲೆ. ಮನೆಯ ಯಜಮಾನಿಕೆಯು ತಿಂಗಳಿಗೆ ಒಬ್ಬರದು. ಹಣದ ಪೆಟ್ಟಿಗೆಯೂ ಔಷಧದ ಪೆಟ್ಟಿಗೆಯೂ ಕ್ಯಾರಿಯವರ ವಶ. ಯಾರೂ ಸ್ವಂತ ವ್ಯಾಪಾರ ಮಾಡಬಾರದು; ಸಂಪಾದನೆಯೆಲ್ಲಾ ಮಿಶನಿಗೆ ಸೇರತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದ ಕ್ರಮವು ಇದು: ಪ್ರತಿ ಶನಿವಾರ ಸಾಯಂಕಾಲ ಎಲ್ಲರೂ ಕೂಡಿಬಂದು, ಆ ವಾರದಲ್ಲಿ ಹುಟ್ಟಿದ ಭಿನ್ನಾಭಿಪ್ರಾಯಗಳನ್ನು ಮುಖಾಮುಖಿಯಾಗಿ ಹೇಳಿ ತೀರಿಸಿಕೊಂಡು, ಒಬ್ಬರನ್ನೊಬ್ಬರು ಪ್ರೀತಿಸುವೆವೆಂದು ಪುನಃ ಮಾತು ಕೊಡಬೇಕು.

ಈ ಕ್ರಮದ ಜ್ಞಾನವನ್ನು ನೋಡಿರಿ. ಶನಿವಾರದ ಮರುದಿನವು ಕರ್ತನ ದಿನ. ಮನಸ್ತಾಪವಿದ್ದವನು ಕಾಣಿಕೆಯನ್ನು ಯಜ್ಞವೇದಿಯ ಬಳಿಯಲ್ಲಿ ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನವಾಗಬೇಕೆಂದು ನಮ್ಮ ಕರ್ತನು ಕಲಿಸಿದ್ದಾನಷ್ಟೆ. ಏಳು ದಿನಕ್ಕಿಂತ ಹಳೆಯದಾದ ಸಿಟ್ಟಿಗೆ ಆ ಮನೆಯಲ್ಲಿ ಸ್ಥಳವಿರಲಿಲ್ಲ. ಇದಲ್ಲದೆ ದೂರು ಹೇಳುವದಕ್ಕೆ ಗೊತ್ತಾದ ಹೊತ್ತು ಇದ್ದದರಿಂದ ಅದನ್ನು ಬಾವಿಕಟ್ಟೆಯಲ್ಲಿಯೂ ದಾರಿಯಲ್ಲಿಯೂ ಹೇಳುತ್ತಾ ತಿರುಗುವ ಶೋಧನೆಯು ಕಡಿಮೆಯಾಯಿತು.

ಈ ಐಕ್ಯದ ಫಲವು ಬೇಗನೆ ಕಂಡಿತು. ಕೃಷ್ಣ ಪಾಲನೆಂಬ ಬಡಗಿಯು ಜಾರಿಬಿದ್ದು ತೋಳಿನ ಕೀಲು ತಪ್ಪಿಸಿಕೊಂಡಾಗ ತಾಮಸರು ಅದನ್ನು ಸರಿಪಡಿಸಿ ಸುವಾರ್ತೆಯನ್ನು ಹೇಳಿದರು. 1800ರ ಡಿಸೆಂಬರಿನಲ್ಲಿ ಅವನು ಮಿಶನರಿಗಳ ಸಂಗಡ ಕೂತು ಉಂಡು ಜಾತಿಯನ್ನು ಬಿಟ್ಟನು. 28ನೇ ತಾರೀಖಿನಲ್ಲಿ ಹೂಗ್ಲಿ ನದಿಯಲ್ಲಿ ಕ್ಯಾರಿಯವರು ಅವನಿಗೂ ತನ್ನ ಮಗನಾದ ಫೀಲಿಕ್ಸನಿಗೂ ಒಂದೇ ದಿನದಲ್ಲಿ ದೀಕ್ಷಾಸ್ನಾನ ಕೊಟ್ಟರು. ಈ ಫೀಲಿಕ್ಸನ ವಿಷಯದಲ್ಲಿಯೂ ಒಂದು ಮಾತಿದೆ. ತಾಯಿಯು ರೋಗಿಷ್ಠೆ, ತಂದೆಯು ಮೃದುಸ್ವಭಾವದವನು. ಹುಡುಗರು ಅಂಕೆಯಿಲ್ಲದೆ ಬೆಳೆದಿದ್ದರು. ವಾರ್ಡರು ಅವನನ್ನು ಅಚ್ಚಿನ ಮನೆಯಲ್ಲಿ ತನ್ನ ಬಳಿ ಇಟ್ಟುಕೊಂಡು ಅಣ್ಣನಂತೆ ಮಾತಾಡಿ ತಿದ್ದಿದರು. ತನ್ನ ಮಕ್ಕಳನ್ನು ಇನ್ನೊಬ್ಬನು ತಿದ್ದಿದರೆ ಮುನಿಯುವ ತಂದೆಗಳು ಅನೇಕರು. ಕ್ಯಾರಿಯವರು ಆ ಸಹಾಯವನ್ನು ಕೃತಜ್ಞತೆಯಿಂದ ತಕ್ಕೊಂಡರು.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಅದೇ ವರುಷ ಕ್ಯಾರಿಯವರು ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಉಪಾಧ್ಯಾಯರಾದರು. ಮನೆಯ ಅಲ್ಪ ವೆಚ್ಚದ ಹೊರತು ಮಿಕ್ಕದ್ದೆಲ್ಲಾ ಮಿಶನಿನ ಪೆಟ್ಟಿಗೆಗೆ ಹೋಯಿತು. ಆಗ ಅವರು ಪ್ರಕಟಿಸಿದ ಒಂದು ಬಂಗಾಳಿ ಪುಸ್ತಕದಲ್ಲಿ ಜಮೀನ್ದಾರನೂ ರೈತನೂ, ಸಾಹುಕಾರನೂ ಸಾಲಗಾರನೂ, ಜಗಳವಾಡುವ ಹೆಂಗಸರೂ ಆಡುವ ಮಾತುಗಳು ಇದ್ದ ಹಾಗೆಯೇ ಇದ್ದವು. ಜನರಿಗೆ ಬೋಧಿಸುವದಕ್ಕೆ ಮುಂಚೆ ಅವರ ಮಾತಿಗೆ ಕಿವಿಗೊಡಬೇಕೆಂಬದು ಅವರ ಮತ. 1805ರ ಅಕ್ಟೋಬರಿನಲ್ಲಿ ಸಹೋದರರು ಬರೆದ ಒಡಂಬಡಿಕೆಯ ಪತ್ರದಲ್ಲಿಯೂ ಇದೇ ಅಭಿಪ್ರಾಯವಿದೆ: ಬಡವನ ದೂರನ್ನು ತಾಳ್ಮೆಯಿಂದ ಕೇಳಬೇಕು, ಅವನು ಸುಲಭವಾಗಿ ಹತ್ತಿರ ಬರುವಂತಿರಬೇಕು, ಅವನನ್ನು ಸರಿಸಮಾನನೆಂದೆಣಿಸಬೇಕು. ಆ ಪತ್ರವನ್ನು ಪ್ರತಿ ಠಾಣೆಯಲ್ಲಿಯೂ ವರುಷಕ್ಕೆ ಮೂರಾವರ್ತಿ ಓದುವದೆಂದು ನೇಮಿಸಿದರು.

1808ರಲ್ಲಿ ಕ್ಯಾರಿಯವರು ಷಾರ್ಲೊಟ್ ರೂಮೋರ್ ಎಂಬ ದೇನ್ಮಾರ್ಕಿನ ಸ್ತ್ರೀಯನ್ನು ಮದುವೆಯಾದರು. ಈಕೆಯ ದೇಹವು ಬಲಹೀನ. ಆದರೂ ಬಂಗಾಳಿಯನ್ನು ಕಲಿತು ಗಂಡನ ಕೆಲಸದಲ್ಲಿಯೂ ಚಿಂತೆಯಲ್ಲಿಯೂ ಪಾಲುಗಾರಳಾದಳು. ಹದಿಮೂರು ವರುಷ ಆ ಮನೆಯಲ್ಲಿ ಸಂತೋಷವಿತ್ತು.

1812ರ ಮಾರ್ಚ್ 11ರ ರಾತ್ರಿ ಅಚ್ಚಿನ ಮನೆಗೆ ಬೆಂಕಿ ಬಿತ್ತು. ಕಾಗದವೂ ಅಚ್ಚುಮೊಳೆಗಳೂ ಅನೇಕ ವರುಷಗಳ ಕೈಬರಹಗಳೂ ಸುಟ್ಟುಹೋದವು. ಅವುಗಳಲ್ಲಿ ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಕೈಬರಹವೂ ಒಂದು. ಕ್ಯಾರಿಯವರು ಆಗ ಕಲಕತ್ತೆಯಲ್ಲಿದ್ದರು. ಮಾರ್ಷ್‌ಮನರು ಕಾಗದವನ್ನು ಕಳುಹಿಸಿ ಸುಮ್ಮನಿರದೆ, ತಾವೇ ಮರುದಿನ ಹೋಗಿ ಆ ಸುದ್ದಿಯನ್ನು ತಿಳಿಸಿದರು. ಯಾರೂ ಯಾರ ಮೇಲೆಯೂ ತಪ್ಪು ಹೊರಿಸಲಿಲ್ಲ; ಬೂದಿಯೊಳಗಿಂದ ಅಚ್ಚುಗಳನ್ನು ಹೆಕ್ಕಿ ಕೆಲಸವನ್ನು ಪುನಃ ಆರಂಭಿಸಿದರು. 1817ರಲ್ಲಿ ಕ್ಯಾರಿಯವರ ಕನ್ನಡ ವ್ಯಾಕರಣವು ಅದೇ ಶ್ರೀರಾಮಪುರದಲ್ಲಿ ಅಚ್ಚಾಗಿ ಹೊರಟಿತು.

ಆದರೆ ಬೆಂಕಿಯಿಂದಾಗದ ಹಾನಿಯು ಮಾತಿನಿಂದಾಯಿತು. ಇಂಗ್ಲೆಂಡಿನಲ್ಲಿ ಸಂಘದ ಕಾರ್ಯದರ್ಶಿಯಾಗಿದ್ದ ಆಂಡ್ರೂ ಫುಲ್ಲರರು ಕ್ಯಾರಿಯವರ ಹಳೆಯ ಸ್ನೇಹಿತರು. ಬಾವಿಗಿಳಿದವನ ಹಗ್ಗವನ್ನು ಮೇಲಿಂದ ಹಿಡಿದವರಂತೆ ಇದ್ದರು. ಅವರು 1815ರಲ್ಲಿ ತೀರಿಹೋದರು. ಆಮೇಲೆ ಸಂಘದಲ್ಲಿ ಕೂತವರಲ್ಲಿ ಹೆಚ್ಚಿನವರು ಶ್ರೀರಾಮಪುರದವರ ಮುಖವನ್ನೇ ನೋಡದವರು. ಆಸ್ತಿಯು ಯಾರ ಅಧೀನದಲ್ಲಿರಬೇಕೆಂಬ ಪ್ರಶ್ನೆಯು ಎದ್ದಿತು. ಹೊಸದಾಗಿ ಬಂದ ಯೌವನಸ್ಥ ಮಿಶನರಿಗಳು ಹಿರಿಯರ ಮೇಲೆ, ವಿಶೇಷವಾಗಿ ಮಾರ್ಷ್‌ಮನರ ಮೇಲೆ, ಬೇಸರಗೊಂಡು ಕಲಕತ್ತೆಯಲ್ಲಿ ಬೇರೆ ಕೂಟ ಮಾಡಿಕೊಂಡರು. ಅವರೊಳಗೆ ಕ್ಯಾರಿಯವರ ಅಣ್ಣತಮ್ಮಂದಿರ ಮಗನಾದ ಯೂಸ್ಟೇಸನೂ ಇದ್ದನು. ಒಂದು ಕಾಗದವು ಸಮುದ್ರವನ್ನು ದಾಟಿ ಉತ್ತರವು ಬರುವದಕ್ಕೆ ಅನೇಕ ತಿಂಗಳು ಬೇಕು. ಅಷ್ಟರಲ್ಲಿ ಸಂಶಯವು ಬೇರೂರುವದು. ಶನಿವಾರದ ಸಾಯಂಕಾಲವು ಸಮುದ್ರದ ಆಚೆಗೆ ತಲಪಲಿಲ್ಲ. ಎರಡು ಪಕ್ಷದವರೂ ಪುಸ್ತಕಗಳನ್ನು ಅಚ್ಚುಹಾಕಿಸಿ ಲೋಕದ ಮುಂದೆ ವಾದಿಸಿದರು. 1827ರಲ್ಲಿ ಶ್ರೀರಾಮಪುರವು ಸಂಘದಿಂದ ಬೇರೆಯಾಯಿತು. ಮಾರ್ಷ್‌ಮನರನ್ನು ಬಿಟ್ಟು ಕ್ಯಾರಿಯವರೊಬ್ಬರನ್ನೇ ಹೊಗಳಿದವರು ಉಂಟು. ಅವರಾದರೋ ಆ ಹೊಗಳಿಕೆಗೆ ಮರುಳಾಗದೆ ಸ್ನೇಹಿತನ ಪಕ್ಕದಲ್ಲಿಯೇ ನಿಂತರು.

ವಾರ್ಡರು 1823ರಲ್ಲಿ ನಿದ್ರೆಹೋಗಿದ್ದರು. ಕ್ಯಾರಿಯವರು 1834ರ ಜೂನ್ 9ರಂದು ತನ್ನ 72 ವರುಷ ಪ್ರಾಯದಲ್ಲಿ ಕರ್ತನ ಬಳಿಗೆ ಹೋದರು. ಕೊನೆಯ ರೋಗದಲ್ಲಿ ನೋಡಲು ಬಂದ ಯೌವನಸ್ಥ ಬೋಧಕರಾದ ಅಲೆಕ್ಸಾಂಡರ್ ಡಫ್ಫರು ಅವರ ಕೆಲಸವನ್ನೇ ಕುರಿತು ಮಾತಾಡುತ್ತಿರಲು, ತಾನು ಹೋದ ಮೇಲೆ ತನ್ನ ವಿಷಯವನ್ನು ಬಿಟ್ಟು ರಕ್ಷಕನ ವಿಷಯವನ್ನೇ ಹೇಳಬೇಕೆಂದು ಅವರು ಮೆಲ್ಲನೆ ಕೇಳಿಕೊಂಡರೆಂದು ಹೇಳುತ್ತಾರೆ. 1837ರ ಡಿಸೆಂಬರಿನಲ್ಲಿ ಸಂಘವೂ ಶ್ರೀರಾಮಪುರವೂ ಪುನಃ ಒಂದಾದವು. ಆದರೆ ಆ ತಿಂಗಳ 5ನೇ ತಾರೀಖಿನಲ್ಲಿಯೇ ಮಾರ್ಷ್‌ಮನರು ತೀರಿಹೋದದರಿಂದ, ಮೂವರಲ್ಲಿ ಒಬ್ಬರ ಕಿವಿಗೂ ಆ ಶುಭವಾರ್ತೆಯು ಬೀಳಲಿಲ್ಲ.

ಸಹೋದರ ಸಹೋದರಿಯರೇ, ಸಮಾಧಾನವು ತಡವಾಗಿ ಬರಬಹುದು, ಅದನ್ನು ಕೇಳಬೇಕಾದವರು ಅಷ್ಟರಲ್ಲಿ ಮಣ್ಣಿನೊಳಗೆ ಇರಬಹುದು. ಈ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚಾಗಿ ಹೆದರಿಸುವ ಸಂಗತಿಯು ಇದೇ. ಆ ದೇವಭಕ್ತರಿಗೆ ಸಮುದ್ರವು ಅಡ್ಡವಾಗಿತ್ತು. ನಮಗೆ ಅಡ್ಡವಾಗಿರುವದು ಒಂದು ಬೇಲಿ, ಒಂದು ಗದ್ದೆಯ ಬದು, ದೇವಾಲಯದ ಒಂದು ಬೆಂಚು. ಸಹೋದರನು ತಪ್ಪುಮಾಡಿದರೆ ಮೊದಲು ಅವನೊಬ್ಬನ ಬಳಿಗೇ ಹೋಗಬೇಕೆಂದು ಕರ್ತನು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಆಜ್ಞಾಪಿಸಿದ್ದಾನೆ. ನಾವಾದರೋ ಊರಿಗೆಲ್ಲಾ ಹೇಳಿ, ಬೋಧಕರಿಗೆ ಹೇಳಿ, ಕಟ್ಟಕಡೆಗೂ ಅವನಿಗೆ ಹೇಳುವದಿಲ್ಲ. ಆದಕಾರಣ ಪ್ರತಿ ಮನೆಯಲ್ಲಿಯೂ ಶನಿವಾರ ದೀಪ ಹಚ್ಚಿದ ಮೇಲೆ, ಪ್ರಾರ್ಥನೆಗೆ ಮುಂಚೆ, ಗಂಡಹೆಂಡರು, ಅತ್ತೆಸೊಸೆಯರು, ಅಣ್ಣತಮ್ಮಂದಿರು ಸ್ವಲ್ಪ ಹೊತ್ತು ಕೂತು ಆ ವಾರದ ನೋವನ್ನು ಮೆಲ್ಲಗೆ ಹೇಳಿಕೊಳ್ಳಲಿ. ಹೇಳುವವನು ಒಂದೇ ವಾರದ್ದನ್ನು ಹೇಳಲಿ, ಹಳೆಯದನ್ನು ಅಗೆಯದಿರಲಿ. ಕೇಳುವವನು ನಡುವೆ ಬಾಯಿ ಹಾಕದೆ ಪೂರಾ ಕೇಳಲಿ. ಸಭೆಯ ಹಿರಿಯರು ಸಹ ಪರಿಶುದ್ಧ ಭೋಜನದ ಭಾನುವಾರಕ್ಕೆ ಮುಂಚಿನ ಸಾಯಂಕಾಲ ಹಾಗೆಯೇ ಕೂಡಲಿ. ಶ್ರೀರಾಮಪುರದ ಆ ಮನೆಗೆ ಸಮಾಧಾನವನ್ನು ದಯಪಾಲಿಸಿದ ಕರ್ತನು ನಮ್ಮ ಮನೆಗಳಿಗೂ ಅದನ್ನು ಅನುಗ್ರಹಿಸಲಿ.