ಶಾಲೆ ಕಲಿಯದ ಲೋಕಶಾಹೀರ: ಅಣ್ಣಾಭಾವು ಸಾಠೆ

ಮುಂಬಯಿಯ ಘಾಟಕೋಪರದಲ್ಲಿ ಚಿರಾಗನಗರವೆಂಬ ಬಡವರ ಕೇರಿಯೊಂದುಂಟು. ಹೊಟೇಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರನೇಕರು ಆ ದಾರಿಯಲ್ಲಿ ಹಾದುಹೋಗಿರಬಹುದು. ಸುಮಾರು 35 ಕಾದಂಬರಿಗಳನ್ನೂ ಅಸಂಖ್ಯ ಹಾಡುಗಳನ್ನೂ ಮರಾಠಿಗೆ ಕೊಟ್ಟ ಮಹನೀಯರೊಬ್ಬರು ಅಲ್ಲಿಯ ಗುಡಿಸಲೊಂದರಲ್ಲಿ ಬಹುಕಾಲ ಬಾಳಿದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆವು. ನಾವು ಅನ್ನ ಉಣ್ಣುವ ಊರಿನ ಹಿರಿಯರನ್ನು ಅರಿಯುವುದು ನಮಗೂ ಗೌರವವೇ ಆದುದರಿಂದ, ಲೋಕಶಾಹೀರ ಅಣ್ಣಾಭಾವು ಸಾಠೆಯವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

1920ನೆಯ ಇಸವಿ ಆಗಸ್ಟ್ 1ರಂದು ಅಂದಿನ ಸಾತಾರಾ ಜಿಲ್ಲೆಯ ವಾಟೇಗಾಂವದಲ್ಲಿ ಅವರು ಜನಿಸಿದರು. ತಂದೆ ತಾಯಿ ಇಟ್ಟ ಹೆಸರು ತುಕಾರಾಮ. ಮನೆತನ ಮಾಂಗ ಜಾತಿಯದು. ಊರಿನವರ ಕಣ್ಣಿನಲ್ಲಿ ಅದು ಅಸ್ಪೃಶ್ಯ ಕುಲ. ಬ್ರಿಟಿಷ್ ಸರ್ಕಾರದ ಕಣ್ಣಿನಲ್ಲಿ ಅಪರಾಧಿ ಜನಾಂಗ. ಹೀಗೆ ಹುಟ್ಟಿದ ಮಾತ್ರಕ್ಕೆ ಮೈಲಿಗೆಯನ್ನೂ ಕಳ್ಳತನದ ಕಳಂಕವನ್ನೂ ಹೊರಬೇಕಾದ ಕೂಸಾಯಿತು ಅದು. ತಂದೆ ಭಾವುರಾಯರು ಮುಂಬಯಿಯಲ್ಲಿ ದೊರೆಗಳ ತೋಟದ ಮಾಲಿಯಾಗಿ ದುಡಿದು ಊರಿಗೆ ಹಣ ಕಳುಹಿಸುತ್ತಿದ್ದರು. ಹೆತ್ತವರನ್ನು ಊರಿನಲ್ಲಿ ಬಿಟ್ಟು ಬಂದ ನಮ್ಮ ವಾಚಕರಿಗೆ ಇಂಥ ಸಂಸಾರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಶಾಲೆಯ ಮೆಟ್ಟಿಲನ್ನು ಬಾಲಕನು ತುಳಿದುದು ಒಂದೂವರೆ ದಿನ ಮಾತ್ರವಂತೆ. ಗುರುಗಳ ಗದರಿಕೆಯನ್ನೂ ಜಾತಿಯ ಹೀನಾಯವನ್ನೂ ಸಹಿಸಲಾರದೆ ಹೊರಬಿದ್ದವನು ಮರಳಿ ಹೋಗಲಿಲ್ಲ. ಮುಂದೆ ಬರಗಾಲ ಬಡತನಗಳ ದೆಸೆಯಿಂದ ಇಡೀ ಸಂಸಾರವು ಕಾಲ್ನಡಿಗೆಯಿಂದಲೇ ಮುಂಬಯಿಯ ದಾರಿ ಹಿಡಿಯಿತು. ಇಲ್ಲಿ ಅವನು ಹಮಾಲಿ ಮಾಡಿದನು, ಬೀದಿಯಲ್ಲಿ ಸಾಮಾನು ಮಾರಿದನು, ಬಟ್ಟೆ ಗಿರಣಿಯಲ್ಲಿ ದುಡಿದನು. ಅಂಗಡಿಗಳ ಹಲಗೆಗಳನ್ನೂ ಸಿನೆಮಾದ ಭಿತ್ತಿಪತ್ರಗಳನ್ನೂ ನೋಡಿ ನೋಡಿ ಅಕ್ಷರಗಳನ್ನು ಕೂಡಿಸಿಕೊಂಡು ಓದಲು ಕಲಿತನು. ಊರಿನಲ್ಲಿ ಬಂಧುಗಳ ತಮಾಷಾ ಮೇಳದಲ್ಲಿ ಹಾಡು, ಕುಣಿತ, ಮಾತುಗಾರಿಕೆಗಳ ಪಾಠವಾಯಿತು. ತಮಾಷಾ ಎಂದರೆ ನಮ್ಮ ಸಣ್ಣಾಟಕ್ಕೆ ಹತ್ತಿರವಾದ ಜನಪದ ಆಟ. ಹಗಲು ಊರ ಹೊರಗಿರುವ ಜನ ರಾತ್ರಿ ಊರಿಗೆ ಊರನ್ನೇ ನಗಿಸುವ ಕಲೆ ಅದು.

ಮಾಟುಂಗಾದ ಲೇಬರ್ ಕ್ಯಾಂಪಿನಲ್ಲಿ ವಾಸವಾಗಿದ್ದಾಗ ಅಣ್ಣಾಭಾವು ದಲಿತ ಯುವಕರ ಸಂಗಡ ಸೇರಿದರು. ಅಲ್ಲಿ ಚರಂಡಿಯಿಲ್ಲ, ದೀಪವಿಲ್ಲ; ಸೊಳ್ಳೆಗಳ ಕಾಟವಂತೂ ಹೇಳತೀರದು. ಅವರು ಆ ಸೊಳ್ಳೆಗಳ ಮೇಲೆಯೇ ಹಾಡು ಕಟ್ಟಿದರು. ಜನ ನಕ್ಕರು, ನಕ್ಕ ಬಳಿಕ ತಮ್ಮ ಕೇರಿ ಹೀಗೇಕಿದೆಯೆಂದು ಯೋಚಿಸಿದರು. ಭಾಷಣದಿಂದ ಆಗದ ಕೆಲಸ ಹಾಡಿನಿಂದ ಆಗುವುದೆಂಬ ಅರಿವು ಅವರಿಗೆ ಆಗಲೇ ಉಂಟಾಗಿರಬೇಕು.

ಪೊವಾಡವೆಂಬುದು ಅರಸರ ಶೌರ್ಯವನ್ನು ಹಾಡುವ ವೀರಗೀತ. 1943ರಲ್ಲಿ ಅವರು ಸ್ಟಾಲಿನ್‌ಗ್ರಾಡದ ಹೋರಾಟವನ್ನು ಕುರಿತು ಪೊವಾಡ ರಚಿಸಿದರು. ಬಂಗಾಲದ ಕ್ಷಾಮದಲ್ಲಿ ಹಸಿದು ಸತ್ತವರ ಗೋಳನ್ನೂ ಹಾಡಿದರು. 1944ರಲ್ಲಿ ಅಮರ ಶೇಖ, ದತ್ತಾ ಗವ್ಹಾಣಕರ ಇವರೊಡಗೂಡಿ ಲಾಲ್ ಬಾವಟಾ ಕಲಾಪಥಕವನ್ನು ಕಟ್ಟಿದರು. ಒಬ್ಬರು ಮುಸಲ್ಮಾನರು, ಒಬ್ಬರು ದಲಿತರು. ಡಫಿನ ಮುಂದೆ ಭೇದವೆಲ್ಲಿಯದು? ಕಾರ್ಮಿಕರ ಮೈದಾನಗಳೂ ಚಾಳಿನ ಅಂಗಳಗಳೂ ಇವರ ರಂಗಭೂಮಿಯಾದುವು. ಮುಂಬಯಿಯನ್ನು ಕುರಿತ ಲಾವಣಿಯಲ್ಲಿ ಮಲಬಾರ ಹಿಲ್ಲಿನ ವೈಭವವನ್ನೂ ಪರಳದ ದುಡಿಮೆಗಾರರ ದೈನ್ಯವನ್ನೂ ಎದುರುಬದುರು ನಿಲ್ಲಿಸಿ ತೋರಿಸಿದರು.

ತಮಾಷಾವನ್ನು ಸಭ್ಯರು ಹೀನವೆಂದೆಣಿಸುತ್ತಿದ್ದರು. ಅಣ್ಣಾಭಾವು ಅದನ್ನು ತೊರೆಯಲಿಲ್ಲ, ತಿದ್ದಿದರು. ಮೊದಲಲ್ಲಿ ಬರುವ ಗಣಪತಿಯ ಸ್ತುತಿಯ ಸ್ಥಾನದಲ್ಲಿ ಮಾತೃಭೂಮಿಗೂ ದುಡಿಯುವ ಜನಕ್ಕೂ ವಂದನೆಯನ್ನಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರವು ಈ ಆಟಗಳ ಮೇಲೆ ನಿರ್ಬಂಧ ಹೇರಿದಾಗ, ಲೋಕನಾಟ್ಯವೆಂಬ ಹೆಸರಿನಿಂದ ಅದೇ ಕಲೆಯನ್ನು ಮುಂದುವರಿಸಿದರು.

ಸಂಯುಕ್ತ ಮಹಾರಾಷ್ಟ್ರ ಚಳುವಳಿಯಲ್ಲಿ ಅವರ ಮೈನೆಯ ಹಾಡು ಮನೆಮಾತಾಯಿತು. ಊರಿನಲ್ಲಿ ಉಳಿದ ಮಡದಿಗಾಗಿ ಮುಂಬಯಿಯ ದುಡಿಮೆಗಾರನು ಹಂಬಲಿಸುವುದೇ ಅದರ ವಸ್ತು. ನಾಡಿನ ಅಗಲಿಕೆಯೇ ಅದರ ಒಳಗಿನ ಅರ್ಥ. ಆ ಚಳುವಳಿಯು ಬೆಳಗಾವಿ ಕಾರವಾರಗಳನ್ನೂ ಬೇಡಿತ್ತು. ಅದಕ್ಕೆ ಕನ್ನಡಿಗರಾದ ನಾವು ಒಪ್ಪಲಾರೆವು. ಆದರೆ ಮಡದಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವನ ಎದೆಯ ನೋವಿಗೆ ಗಡಿಯಿಲ್ಲ. ಗಡಿಯ ಮಾತಿನಲ್ಲಿ ಭಿನ್ನರಾಗಿದ್ದೂ ಆ ನೋವನ್ನು ಹಾಡಿದವರಿಗೆ ನಾವು ಕೈಮುಗಿಯಬಲ್ಲೆವು.

1958ರಲ್ಲಿ ಮುಂಬಯಿಯಲ್ಲಿ ನೆರೆದ ಮೊದಲನೆಯ ದಲಿತ ಸಾಹಿತ್ಯ ಸಮ್ಮೇಲನವನ್ನು ಅವರೇ ಉದ್ಘಾಟಿಸಿದರು. ಮರುವರ್ಷ ಹೊರಬಂದ ಅವರ ಕಾದಂಬರಿ ಫಕೀರಾ. ಹಸಿದವರಿಗಾಗಿ ಬ್ರಿಟಿಷರ ವಿರುದ್ಧ ಎದ್ದುನಿಂತ ತಮ್ಮ ಕುಲದ ವೀರನನ್ನು ಅದರಲ್ಲಿ ಚಿತ್ರಿಸಿ, ಗ್ರಂಥವನ್ನು ಬಾಬಾಸಾಹೇಬ ಅಂಬೇಡ್ಕರರಿಗೆ ಅರ್ಪಿಸಿದರು. ಸರ್ಕಾರವು ಕಳ್ಳರೆಂದು ಕರೆದವರನ್ನು ಅವರ ಲೇಖನಿಯು ಮಾನವಂತರೆಂದು ಕರೆಯಿತು. 1961ರಲ್ಲಿ ಅದಕ್ಕೆ ಮಹಾರಾಷ್ಟ್ರ ಸರ್ಕಾರದ ಬಹುಮಾನ ದೊರೆಯಿತು. ಅದೇ ವರ್ಷ ಅವರು ರಷ್ಯಾ ದೇಶಕ್ಕೆ ಹೋಗಿಬಂದರು. ಆ ಪ್ರವಾಸದ ಕಥನವನ್ನೂ ಬರೆದರು.

ಇಷ್ಟಾದರೂ ಬಡತನ ಅವರನ್ನು ಬಿಡಲಿಲ್ಲ. ಕೃತಿಗಳು ಚಲಚ್ಚಿತ್ರಗಳಾದರೂ ಕರ್ತೃವಿನ ಕೈ ಬರಿದಾಗಿಯೇ ಇತ್ತು. 1969ರ ಜುಲೈ 18ರಂದು, 49 ವರ್ಷ ತುಂಬಲು ಎರಡು ವಾರಗಳಿರುವಾಗ, ಅವರು ತೀರಿಕೊಂಡರು. ಗೌರವಗಳು ನಿಧಾನವಾಗಿ ಬಂದುವು. 2002ರಲ್ಲಿ ಭಾರತ ಸರ್ಕಾರವು ಅವರ ಅಂಚೆಚೀಟಿಯನ್ನು ಹೊರತಂದಿತು. 2022ರಲ್ಲಿ ಮಾಸ್ಕೋ ನಗರದಲ್ಲಿ ಅವರ ಪ್ರತಿಮೆ ನಿಂತಿತು. ಜೀವಂತ ಕಲಾವಿದನಿಗೆ ಒಂದು ಗಟ್ಟಿ ಸೂರು ಕೊಡಲು ತಡಮಾಡುವ ಸಮಾಜವು ಸತ್ತ ಮೇಲೆ ಕಲ್ಲು ನಿಲ್ಲಿಸುವುದರಲ್ಲಿ ಹಿಂದುಳಿಯುವುದಿಲ್ಲ. ಇದು ಮರಾಠಿಗರದೊಂದೇ ದೋಷವಲ್ಲ, ನಮ್ಮದೂ ಹೌದು.

ಪರಸ್ಥಳದಲ್ಲಿರುವ ನಮ್ಮ ತರುಣರು ದುಡಿಮೆ ಮುಗಿಸಿ, ನಿದ್ರೆ ಬಿಟ್ಟು, ನಾಟಕ ಭಜನೆ ಯಕ್ಷಗಾನಗಳಲ್ಲಿ ತೊಡಗುವುದನ್ನು ಕೆಲವರು ಕಾಲಹರಣವೆನ್ನುವರು. ಅಣ್ಣಾಭಾವುವಿನ ಜೀವನವು ಆ ಮಾತನ್ನು ಸುಳ್ಳಾಗಿಸುತ್ತದೆ. ಶಾಲೆಯು ಹೊರಗಿಟ್ಟವನನ್ನು ಮೇಳವು ಒಳಕ್ಕೆ ಕರೆಯಿತು. ಯಾರೂ ಕೇಳದ ಕೇರಿಯ ಮಾತನ್ನು ಡಫು ಊರಿಗೆಲ್ಲ ಕೇಳಿಸಿತು. ಇನ್ನು ಮುಂದೆ ಯಾವನಾದರೊಬ್ಬ ಹೊಟೇಲು ಹುಡುಗನು ಹಾಡಲು ಎದ್ದುನಿಂತರೆ, ಹಿರಿಯರಾದ ನಾವು ಅವನನ್ನು ಗದರಿಸಿ ಕೂರಿಸದಿರೋಣ.