ಭಕ್ಷಕ ಕೋಶಗಳನ್ನು ಕಂಡ ಮೆಚ್ನಿಕಾಫ್

ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂಬುದನ್ನು ನಾವೆಲ್ಲ ಪ್ರೌಢಶಾಲೆಯಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸಿದ್ದೇವೆ. ಆ ಒಂದು ಸಾಲಿನ ಹಿಂದೆ ಇಲ್ಯಾ ಮೆಚ್ನಿಕಾಫ್ ಅವರ ಇಡೀ ಬದುಕಿದೆ.

ಅವರು 1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದರು. ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದ ಚುರುಕು ವಿದ್ಯಾರ್ಥಿ. ಮೊದಲ ಪತ್ನಿ ಲುದ್ಮಿಲಾ 1873ರಲ್ಲಿ ಕ್ಷಯದಿಂದ ತೀರಿಕೊಂಡಾಗ ಜೀವವೇ ಬೇಡವೆನಿಸಿ, ಸಾವಿನ ಬಾಗಿಲಿಗೆ ಹೋಗಿ ಬಂದರು. ಮುಂದೆ ಓಲ್ಗಾ ಅವರನ್ನು ಮದುವೆಯಾದರು.

1882ರಲ್ಲಿ ಒಡೆಸ್ಸಾ ವಿಶ್ವವಿದ್ಯಾನಿಲಯದ ಕೆಲಸ ಬಿಟ್ಟು ಇಟಲಿಯ ಮೆಸ್ಸಿನಾ ಎಂಬ ಕಡಲತೀರದ ಊರಿಗೆ ಹೋದರು. ಅಲ್ಲಿನ ನಕ್ಷತ್ರ ಮೀನಿನ ಮರಿಗಳ ಮೈ ಗಾಜಿನಂತೆ ಪಾರದರ್ಶಕ. ಒಂದು ಸಂಜೆ ಅವುಗಳ ಮೈಗೆ ಗುಲಾಬಿ ಮುಳ್ಳು ಚುಚ್ಚಿಟ್ಟು, ನಿದ್ದೆಯಿಲ್ಲದೆ ಬೆಳಗು ಮಾಡಿದರು. ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೈಯೊಳಗೆ ಅಲೆದಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಇವೇ ಭಕ್ಷಕ ಕೋಶಗಳು.

ಪಾಠದಲ್ಲಿ ಬಾರದ ಸಂಗತಿ ಇನ್ನೊಂದಿದೆ. ನನಗೆ ಇದೇ ದೊಡ್ಡದೆನಿಸುತ್ತದೆ. ಗೊದಮೊಟ್ಟೆ ಕಪ್ಪೆಯಾಗುವಾಗ ಕರಗುವ ಬಾಲದಲ್ಲೂ ಅದೇ ಕೋಶಗಳು ಕೆಲಸ ಮಾಡುವುದನ್ನು ಮೆಚ್ನಿಕಾಫ್ ಕಂಡರು. ಅಂದರೆ ಇವು ಹೊರಗಿನ ಶತ್ರುವನ್ನಷ್ಟೇ ಅಲ್ಲ, ದೇಹದ ಸ್ವಂತ ಸತ್ತ ಭಾಗಗಳನ್ನೂ ತೆರವು ಮಾಡುತ್ತವೆ. ನಮ್ಮ ರಾಮನಗರದ ಮಾರುಕಟ್ಟೆಗೆ ಗೂಡು ತರುವವರಿಗೆ ಇದು ಹೊಸತಲ್ಲ: ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ಅದರ ರೇಷ್ಮೆ ಗ್ರಂಥಿಗಳು ಒಳಗೇ ಸತ್ತು ಕರಗುತ್ತವೆ, ಹುಳು ಚಿಟ್ಟೆಯಾಗುತ್ತದೆ.

ನಮ್ಮ ಮೈಯಲ್ಲೂ ದಿನವೂ ಕೋಟಿಗಟ್ಟಲೆ ಜೀವಕೋಶಗಳು ಹೀಗೆ ಸಾಯುತ್ತವೆ. ಸಾಯುವ ಕೋಶ ತನ್ನ ಹೊರಮೈಯಲ್ಲಿ ಒಂದು ಗುರುತು ತೋರಿಸುತ್ತದೆ. ಭಕ್ಷಕ ಕೋಶ ಬಂದು ಸದ್ದಿಲ್ಲದೆ ನುಂಗುತ್ತದೆ. ತಡವಾದರೆ ಕೋಶ ಒಡೆದು ಒಳಗಿನ ಡಿಎನ್‌ಎ ಹೊರಚೆಲ್ಲುತ್ತದೆ. ಅದನ್ನು ಕಂಡ ರಕ್ಷಣಾ ವ್ಯವಸ್ಥೆ ಸ್ವಂತ ಡಿಎನ್‌ಎ ವಿರುದ್ಧವೇ ಪ್ರತಿಕಾಯ ತಯಾರಿಸಬಹುದು. ಕೀಲು ನೋವು, ಕೆನ್ನೆಯ ಮೇಲೆ ಕೆಂಪು, ಮೂತ್ರಪಿಂಡದ ತೊಂದರೆ ತರುವ ಲೂಪಸ್ ಕಾಯಿಲೆಯ ಹಿಂದೆ ಈ ತಪ್ಪೂ ಇದೆ. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ ಬರುವ ಈ ಕಾಯಿಲೆ ಅಂಟುರೋಗವಲ್ಲ. ಸತ್ತ ಕೋಶಗಳ ವಿಲೇವಾರಿಗೆ ನೆರವಾಗುವ ಸಿ1ಕ್ಯೂ ಎಂಬ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದವರಲ್ಲಿ ಬಹುತೇಕರಿಗೆ ಲೂಪಸ್ ಬರುತ್ತದೆ.

1888ರಲ್ಲಿ ಮೆಚ್ನಿಕಾಫ್ ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಅವರ ಸಂಸ್ಥೆ ಸೇರಿದರು. ಗಂಟು ರೋಗ ತಿಳಿಯಲು ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ನಮ್ಮ ಬಿತ್ತನೆ ಕೋಠಿಗಳಿಗೆ ಕೊಟ್ಟವರೂ ಇದೇ ಪಾಶ್ಚರ್. ರೋಗ ತಡೆಯುವುದು ಕೋಶಗಳಲ್ಲ, ರಕ್ತದ ದ್ರವದಲ್ಲಿರುವ ವಸ್ತುಗಳು ಎಂದು ಜರ್ಮನಿಯ ವಿದ್ವಾಂಸರು ವರ್ಷಗಟ್ಟಲೆ ವಾದಿಸಿದರು. 1908ರ ನೊಬೆಲ್ ಪ್ರಶಸ್ತಿಯನ್ನು ಆ ಕಡೆಯ ಪಾಲ್ ಎರ್ಲಿಕ್ ಮತ್ತು ಮೆಚ್ನಿಕಾಫ್ ಇಬ್ಬರಿಗೂ ಹಂಚಲಾಯಿತು. ದೇಹ ತನ್ನ ಮೇಲೆ ತಾನೇ ವಿಷ ಕಾರದಂತೆ ತಡೆ ಇರುತ್ತದೆ ಎಂದು ಹೇಳಿದವರು ಎರ್ಲಿಕ್. ಲೂಪಸ್‌ನಲ್ಲಿ ಇವರ ಕೋಶಗಳೂ ಸೋಲುತ್ತವೆ, ಅವರ ತಡೆಯೂ ಮುರಿಯುತ್ತದೆ.

ಕೊನೆಯ ವರ್ಷಗಳಲ್ಲಿ ಮೆಚ್ನಿಕಾಫ್ ಮೊಸರು ಆಯಸ್ಸು ಹೆಚ್ಚಿಸುತ್ತದೆಂದು ನಂಬಿ ದಿನವೂ ಹುಳಿ ಹಾಲು ಕುಡಿಯುತ್ತಿದ್ದರು. ನಮ್ಮ ಅಜ್ಜಿಯರು ಕೇಳಿದ್ದರೆ ನಕ್ಕು, ಇನ್ನೊಂದು ಲೋಟ ಮಜ್ಜಿಗೆ ಕೊಡುತ್ತಿದ್ದರೇನೋ! 1916ರ ಜುಲೈ 15ರಂದು, 71ನೆಯ ವಯಸ್ಸಿನಲ್ಲಿ, ಹೃದ್ರೋಗದಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಡಲಾಯಿತು.